ಎರಡು ಚಾಟಣಿ, ಒಂದು ಫಸಲು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ, ದ್ರಾಕ್ಷಿ ಬೆಳೆಗಾರರಾದ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆ ನೂರು ವರ್ಷ ಪೂರೈಸಿದ ಸಂದರ್ಭದಲ್ಲಿ ಹಲವರು ಹಲವು ವಿಷಯಗಳನ್ನು ಕುರಿತು ಮಾತನಾಡಿದ್ದಾರೆ. ಶಾಲೆಯ ಇತಿಹಾಸವನ್ನು ಬಲ್ಲವರು ಅದನ್ನು ಹೇಳಿದರು. ಭಾಷೆಯ ಕಷ್ಟಸುಖಗಳನ್ನು ಬಲ್ಲವರು ಅವನ್ನು ಹೇಳಿದರು. ನಮ್ಮ ಪಾಲಿಗೆ ಬಂದದ್ದು ದ್ರಾಕ್ಷಿ ಬಳ್ಳಿಯ ಚಾಟಣಿ. ಇಂಥ ಸಭೆಯಲ್ಲಿ ಕತ್ತರಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಈ ಸಭಾಮಂಟಪದಲ್ಲಿ ಕುಳಿತಿರುವ ಮನೆತನಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಕತ್ತರಿಯಿಂದ. ಎಷ್ಟೋ ಮಕ್ಕಳ ಶಾಲೆಯ ಶುಲ್ಕ, ಅಕ್ಕತಂಗಿಯರ ಮದುವೆ, ಸೊಸೈಟಿಯ ಸಾಲದ ಕಂತು ಎಲ್ಲವೂ ಅದರ ಎರಡು ಅಲಗುಗಳ ನಡುವೆ ನಿಂತಿವೆ. ಆದ್ದರಿಂದ ಈ ವಿಷಯವನ್ನು ಶಾಲೆಯ ಅಂಗಳದಲ್ಲಿಯೇ ಆಡುವುದು ಯೋಗ್ಯವೆಂದು ನಾವು ಭಾವಿಸಿದೆವು.

ಮಕ್ಕಳನ್ನು ಬಳ್ಳಿಗೂ ಗುರುಗಳನ್ನು ತೋಟಗಾರನಿಗೂ ಹೋಲಿಸುವುದು ಇಂಥ ಸಭೆಗಳ ರೂಢಿ. ಆ ಹೋಲಿಕೆಯನ್ನು ನಾವು ಇಂದು ಕೈಬಿಟ್ಟಿದ್ದೇವೆ. ಬಳ್ಳಿಯ ಮಾತನ್ನು ಬಳ್ಳಿಯ ಮಾತಾಗಿಯೇ ಆಡಿ, ಕೊನೆಯಲ್ಲಿ ಮಕ್ಕಳ ಬಗ್ಗೆ ಹೇಳಬೇಕಾದ ಒಂದು ಗಂಭೀರ ವಿಷಯವನ್ನು ನೇರವಾಗಿಯೇ ಹೇಳುತ್ತೇವೆ.

ಈ ಶಾಲೆ ಆರಂಭವಾದಾಗ ಈ ಸೀಮೆಯಲ್ಲಿ ದ್ರಾಕ್ಷಿಯ ಚಪ್ಪರಗಳು ಇರಲಿಲ್ಲ. ಜತ್ತ, ಕವಠೆ ಮಹಾಂಕಾಳ, ಆಟಪಾಡಿ, ಮಿರಜದ ಪೂರ್ವಭಾಗ ಇವೆಲ್ಲ ಮಳೆಯ ನೆರಳಿನ ನಾಡು. ಸಹ್ಯಾದ್ರಿಯಲ್ಲಿ ಸುರಿದು ಹಗುರಾದ ಮೋಡಗಳು ನಮ್ಮ ತಲೆಯ ಮೇಲೆ ಬರಿಗೈಯಲ್ಲಿ ಹಾದುಹೋಗುತ್ತವೆ. ಇಲ್ಲಿ ಜೋಳ, ಸಜ್ಜೆ, ಬಾವಿಯ ನೀರಿದ್ದಲ್ಲಿ ಸ್ವಲ್ಪ ಕಾಯಿಪಲ್ಲೆ, ಇಷ್ಟೇ ಬದುಕು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೆಸರಿನಿಂದ ರೂಪುಗೊಂಡ ಜಿಲ್ಲೆ 1960ರಲ್ಲಿ ಸಾಂಗ್ಲಿ ಎಂಬ ಹೆಸರು ಪಡೆಯಿತು. ಅಲ್ಲಿಂದ ಮುಂದಿನ ದಶಕಗಳಲ್ಲಿ ತಾಸಗಾಂವದ ಕಡೆಯಿಂದ ಆರಂಭವಾಗಿ ಬೀಜರಹಿತ ದ್ರಾಕ್ಷಿ ಒಂದೊಂದೇ ಊರಿಗೆ ಹಬ್ಬಿತು. ಕೊಳವೆಬಾವಿ ಬಂತು, ಹನಿ ನೀರಾವರಿ ಬಂತು, ಕೃಷ್ಣೆಯ ನೀರನ್ನು ಎತ್ತಿ ಮಿರಜ, ಕವಠೆ ಮಹಾಂಕಾಳ, ಜತ್ತಗಳತ್ತ ಹರಿಸುವ ಮ್ಹೈಸಾಳ ಯೋಜನೆ ಬಂತು. ಮಳೆಯಿಲ್ಲದಿರುವುದೇ ದ್ರಾಕ್ಷಿಗೆ ಅನುಕೂಲವಾಯಿತು. ಜೋಳಕ್ಕೆ ಶಾಪವಾಗಿದ್ದ ಒಣಹವೆ ಬಳ್ಳಿಗೆ ವರವಾಯಿತು. ಇಂದು ಸಾಂಗ್ಲಿಯ ಒಣದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಗಡಿಯಾಚೆ ವಿಜಯಪುರದ ತಿಕೋಟಾ, ಬಬಲೇಶ್ವರದ ಕಡೆಯ ನಮ್ಮ ಬಂಧುಗಳೂ ಇದೇ ಬೆಳೆಯನ್ನು ಬೆಳೆಯುತ್ತಾರೆ, ಇದೇ ಮಾತುಗಳನ್ನು ಆಡುತ್ತಾರೆ.

ಈಗ ಮೂಲ ಪ್ರಶ್ನೆಗೆ ಬರೋಣ. ಗಿಡವನ್ನು ಕತ್ತರಿಸುವುದೇಕೆ, ಮತ್ತು ಯಾವಾಗ?

ಯಾವ ಗಿಡಕ್ಕೂ ಕತ್ತರಿ ಹಿಡಿಯುವ ಮೊದಲು ಒಂದು ಸಂಗತಿಯನ್ನು ತಿಳಿದಿರಬೇಕು: ಅದು ಹಣ್ಣು ಬಿಡುವುದು ಯಾವ ವಯಸ್ಸಿನ ಕಡ್ಡಿಯ ಮೇಲೆ? ನಮ್ಮ ಹೊಲದ ಬದುವಿನಲ್ಲಿರುವ ಬಾರಿಯ ಗಿಡವನ್ನು ನೋಡಿರಿ. ಅದು ಆ ವರ್ಷ ಚಿಗುರಿದ ಹೊಸ ಕೊಂಬೆಯಲ್ಲಿ ಕಾಯಿ ಬಿಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಎಲೆ ಉದುರಿಸಿ ಮಲಗಿದ್ದಾಗ ಅದನ್ನು ಬೋಳಾಗಿ ಸವರಿದರೂ ನಷ್ಟವಿಲ್ಲ. ಸವರಿದಷ್ಟೂ ಹೊಸ ಚಿಗುರು, ಚಿಗುರಿದಷ್ಟೂ ಹಣ್ಣು. ಮಾವು ಹಾಗಲ್ಲ. ಅದು ಹಿಂದೆ ಬೆಳೆದು ಬಲಿತ ಟೊಂಗೆಯ ತುದಿಯಲ್ಲಿ ಹೂ ಬಿಡುತ್ತದೆ. ಹೂ ಬಿಡುವ ಮುನ್ನ ಆ ತುದಿಗಳನ್ನು ಕತ್ತರಿಸಿದವನಿಗೆ ಆ ವರ್ಷ ಉಪ್ಪಿನಕಾಯಿಗೂ ಕಾಯಿ ಸಿಗದು. ದೂರದ ಶೀತದೇಶಗಳಲ್ಲಿ ಬೆಳೆಯುವ, ನಮ್ಮ ನೆರೆಯ ಮಹಾಬಳೇಶ್ವರದ ಗುಡ್ಡಗಳಲ್ಲಿಯೂ ಬೆಳೆಯುವ ರಾಸ್‌ಬೆರಿ ಎಂಬ ಹಣ್ಣಿನಲ್ಲಿ ಈ ಎರಡು ಸ್ವಭಾವಗಳೂ ಒಂದೇ ಕುಲದೊಳಗೆ ಇವೆ. ಬೇಸಿಗೆಯಲ್ಲಿ ಹಣ್ಣು ಕೊಡುವ ಬಗೆ ಹಿಂದಿನ ವರ್ಷದ ಕಡ್ಡಿಯಲ್ಲಿ ಫಲಿಸುತ್ತದೆ. ಶರತ್ಕಾಲದಲ್ಲಿ ಹಣ್ಣು ಕೊಡುವ ಬಗೆ ಅದೇ ವರ್ಷ ನೆಲದಿಂದೆದ್ದ ಕಡ್ಡಿಯಲ್ಲಿ ಫಲಿಸುತ್ತದೆ. ಎರಡನೆಯದನ್ನು ಚಳಿಗಾಲದ ಕೊನೆಗೆ ನೆಲಮಟ್ಟಕ್ಕೆ ಕೊಯ್ದು ಹಾಕುತ್ತಾರೆ. ಮೊದಲನೆಯದಕ್ಕೆ ಅದೇ ಶಿಕ್ಷೆ ಕೊಟ್ಟರೆ ಆ ವರ್ಷದ ಹಣ್ಣೆಲ್ಲ ಕಸದ ರಾಶಿಗೆ ಹೋದಂತೆಯೇ. ಎರಡೂ ನೋಡಲು ಒಂದೇ ತರಹ, ಕತ್ತರಿಯೂ ಒಂದೇ. ತಿಳಿವಳಿಕೆ ಮಾತ್ರ ಬೇರೆ.

ದ್ರಾಕ್ಷಿಯ ಸ್ವಭಾವ ಇವೆರಡರ ನಡುವಿನದು. ಅದರ ಗೊನೆ ಬರುವುದು ಹೊಸ ಚಿಗುರಿನಲ್ಲಿಯೇ. ಆದರೆ ಆ ಚಿಗುರು ಹಿಂದಿನ ಹಂಗಾಮಿನಲ್ಲಿ ಬಲಿತ ಕಡ್ಡಿಯ ಕಣ್ಣಿನಿಂದ ಹೊರಡಬೇಕು, ಮತ್ತು ಆ ಕಣ್ಣಿನೊಳಗೆ ಗೊನೆಯ ಬೀಜರೂಪ ಮೊದಲೇ ಸಿದ್ಧವಾಗಿರಬೇಕು. ಯುರೋಪಿನಲ್ಲಿ ಈ ಲೆಕ್ಕ ಸುಲಭ. ಅಲ್ಲಿ ಚಳಿಗಾಲ ಬಂದರೆ ಬಳ್ಳಿ ತಾನಾಗಿಯೇ ಎಲೆ ಉದುರಿಸಿ ನಿದ್ರೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ, ಆ ನಿದ್ರೆಯಲ್ಲಿ, ಕತ್ತರಿಸಿದರೆ ಸಾಕು. ನಮ್ಮ ಸೀಮೆಯಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಬಿಟ್ಟರೆ ಹನ್ನೆರಡು ತಿಂಗಳೂ ಚಿಗುರುತ್ತದೆ. ಬೇಸಿಗೆಯಲ್ಲಿ ಚಿಗುರಿದ ಗೊನೆ ಮಳೆಗಾಲದಲ್ಲಿ ಹಣ್ಣಾಗಲು ಹೋಗಿ ಕೊಳೆಯುತ್ತದೆ. ಆದ್ದರಿಂದ ಬಳ್ಳಿಗೆ ಕಾಲಮಾನವನ್ನು ನಾವೇ ಕತ್ತರಿಯಿಂದ ಕಲಿಸಬೇಕಾಗಿದೆ. ಏಪ್ರಿಲ್‌ನಲ್ಲಿ ಒಂದು ಚಾಟಣಿ, ಅಕ್ಟೋಬರ್‌ನಲ್ಲಿ ಇನ್ನೊಂದು. ಫಸಲು ಮಾತ್ರ ಒಂದೇ. ಬೆಂಗಳೂರಿನ ಸುತ್ತಲಿನ ‘ಬೆಂಗಳೂರು ನೀಲಿ’ ತಳಿಯ ಬೆಳೆಗಾರರು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಫಸಲು ತೆಗೆಯಬಲ್ಲರು. ನಮ್ಮ ಥಾಮ್ಸನ್, ಅದರಿಂದಲೇ ತಾಸಗಾಂವ ತಾಲೂಕಿನ ರೈತರು ಆರಿಸಿ ತೆಗೆದ ‘ತಾಸ್-ಎ-ಗಣೇಶ’, ಸೊಲ್ಲಾಪುರ ಜಿಲ್ಲೆಯ ನಾನಜದಿಂದ ಬಂದ ‘ಸೋನಾಕಾ’ ಇವಕ್ಕೆ ಆ ಭಾಗ್ಯವಿಲ್ಲ. ಇವುಗಳ ಬುಡದ ಕಣ್ಣುಗಳು ಬಹುಮಟ್ಟಿಗೆ ಬಂಜೆ. ಗೊನೆ ಹುದುಗಿರುವುದು ಕಡ್ಡಿಯ ನಡುವಿನಲ್ಲಿ.

ಏಪ್ರಿಲ್ ಚಾಟಣಿಯನ್ನು ಖರಡ ಚಾಟಣಿ ಎನ್ನುತ್ತೇವೆ. ಹಣ್ಣು ಕೊಯ್ದ ನಂತರ ಬಳ್ಳಿಗೆ ಎರಡು-ಮೂರು ವಾರ ವಿಶ್ರಾಂತಿ ಕೊಟ್ಟು, ಓಲಾಂಡಾದ ಮೇಲಿನ ಪ್ರತಿಯೊಂದು ಕಡ್ಡಿಯನ್ನೂ ಬುಡದಲ್ಲಿ ಒಂದೇ ಕಣ್ಣು ಬಿಟ್ಟು ಕತ್ತರಿಸುತ್ತೇವೆ. ಹೊಸಬರು ಆ ದಿನ ಪಡಕ್ಕೆ ಬಂದರೆ ಬೆಚ್ಚಿಬೀಳುತ್ತಾರೆ. ಹಸಿರಿನ ಚಪ್ಪರವಿದ್ದಲ್ಲಿ ತಂತಿ ಮತ್ತು ಒಣಗಿದ ತೋಳುಗಳು ಮಾತ್ರ ಉಳಿದಿರುತ್ತವೆ. ಆ ಒಂದು ಕಣ್ಣಿನಿಂದ ಹೊರಡುವ ಚಿಗುರಿನಿಂದ ನಾವು ಹಣ್ಣನ್ನು ಕೇಳುವುದಿಲ್ಲ. ಹಣ್ಣು ಕೊಡಬಲ್ಲ ಕಡ್ಡಿಯನ್ನು ಕೇಳುತ್ತೇವೆ. ಚಿಗುರು ಒತ್ತೊತ್ತಾಗಿ ಬಂದರೆ ದುರ್ಬಲವಾದವನ್ನು ತೆಗೆದು, ಪ್ರತಿಯೊಂದಕ್ಕೂ ಬಿಸಿಲು ತಾಗುವಷ್ಟು ಅಂತರ ಬಿಡುತ್ತೇವೆ. ಚಿಗುರಿಗೆ ಒಂಬತ್ತು-ಹತ್ತು ಎಲೆ ಬಂದಾಗ ಏಳನೆಯ ಎಲೆಯ ಮೇಲೆ ಚಿವುಟುತ್ತೇವೆ. ಅಲ್ಲಿಂದ ಪಕ್ಕದ ಚಿಗುರೊಂದು ಹೊರಡುತ್ತದೆ, ಅದೇ ‘ಸಬ್‌ಕೇನ್’. ಹೀಗೆ ನಡುವೆ ತಡೆದಾಗ ತುದಿಗೆ ಓಡುತ್ತಿದ್ದ ಸತ್ವ ಕೆಳಗಿನ ಕಣ್ಣುಗಳಲ್ಲಿ ನಿಲ್ಲುತ್ತದೆ.

ಇನ್ನು ಮುಂದೆ ನಡೆಯುವುದು ಯಾರ ಕಣ್ಣಿಗೂ ಕಾಣದು. ಕಣ್ಣಿನೊಳಗೆ, ಸಾಸಿವೆಗಿಂತ ಚಿಕ್ಕ ಜಾಗದಲ್ಲಿ, ಒಂದು ಸಣ್ಣ ಮೊಗ್ಗೆ ಹುಟ್ಟುತ್ತದೆ. ಅದು ಗೊನೆಯೂ ಆಗಬಹುದು, ಬಳ್ಳಿ ಹಬ್ಬಲು ಹಿಡಿದುಕೊಳ್ಳುವ ನುಲಿಬಳ್ಳಿಯೂ ಆಗಬಹುದು. ಎರಡರ ಮೂಲವೂ ಒಂದೇ. ಬಿಸಿಲು ಸಾಕಷ್ಟಿದ್ದು, ನೀರು ಹದವಾಗಿ ಕಡಿಮೆಯಿದ್ದು, ಸಾರಜನಕ ಅತಿಯಾಗದಿದ್ದರೆ ಅದು ಗೊನೆಯತ್ತ ತಿರುಗುತ್ತದೆ. ಮೋಡ ಕವಿದು, ಬುಡದಲ್ಲಿ ನೀರು ನಿಂತು, ಯೂರಿಯಾ ಹೆಚ್ಚಾಗಿ, ಎಲೆಯ ಮೇಲೆ ಎಲೆ ಬಿದ್ದು ಕತ್ತಲಾದರೆ ನುಲಿಬಳ್ಳಿಯತ್ತ ತಿರುಗುತ್ತದೆ. ಈ ನಿರ್ಣಯ ಚಾಟಣಿಯ ನಂತರ ಹೆಚ್ಚುಕಡಿಮೆ 45ರಿಂದ 60 ದಿನಗಳ ಅವಧಿಯಲ್ಲಿ ನಡೆಯುತ್ತದೆ. ಏಪ್ರಿಲ್ 10ಕ್ಕೆ ಕತ್ತರಿಸಿದ್ದರೆ ಮೇ 25ರಿಂದ ಜೂನ್ 9ರವರೆಗಿನ ಹದಿನೈದು ದಿನಗಳು. ಮಕ್ಕಳು ಬೇಸಿಗೆ ರಜೆ ಮುಗಿಸಿ ಜೂನ್ ಮಧ್ಯದಲ್ಲಿ ಶಾಲೆಗೆ ಮರಳುವ ಹೊತ್ತಿಗೆ, ಬರುವ ಫೆಬ್ರವರಿಯ ಫಸಲು ಎಷ್ಟೆಂಬುದು ಬಹುಪಾಲು ಇತ್ಯರ್ಥವಾಗಿರುತ್ತದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಗಾದೆ ಹೇಳುತ್ತದೆ. ದ್ರಾಕ್ಷಿಯ ಮಟ್ಟಿಗೆ ಆ ಸಿರಿ ಮೊಳಕೆಗಿಂತ ನಾಲ್ಕು ತಿಂಗಳು ಮೊದಲೇ ಕಣ್ಣಿನೊಳಗೆ ಕುಳಿತಿರುತ್ತದೆ. ಅಕ್ಟೋಬರ್‌ನಲ್ಲಿ ಎಷ್ಟು ಔಷಧ ಹೊಡೆದರೂ ಜೂನ್‌ನಲ್ಲಿ ಕೂಡದ ಗೊನೆ ಹೊರಬರುವುದಿಲ್ಲ.

ಈ ಅವಧಿಯಲ್ಲಿ ಬೆಳವಣಿಗೆಯನ್ನು ತಡೆಯಲು ಹಲವರು ಔಷಧಗಳನ್ನು ಬಳಸುತ್ತಾರೆ. ಅದರ ಬಗ್ಗೆ ಒಂದು ಎಚ್ಚರಿಕೆಯ ಮಾತು. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ತಡೆಯುವ ಔಷಧದ ಶೇಷ ಕಂಡುಬಂದು, ಮಾಲು ತಿರಸ್ಕೃತವಾಗಿ, ರಫ್ತುದಾರರೂ ಬೆಳೆಗಾರರೂ ಭಾರಿ ಹೊಡೆತ ತಿಂದರು. ಬಳ್ಳಿಗೆ ಹಾಕಿದ್ದನ್ನು ಬಳ್ಳಿ ಮರೆಯುವುದಿಲ್ಲ ಎಂಬುದು ಆಗ ಎಲ್ಲರಿಗೂ ತಿಳಿಯಿತು. ನೀರನ್ನು ಹದವಾಗಿ ತಡೆಯುವುದು, ಸಮಯಕ್ಕೆ ಚಿವುಟುವುದು, ಬಿಸಿಲಿಗೆ ದಾರಿ ಬಿಡುವುದು ಈ ಮೂರು ಕೆಲಸಗಳಿಗೆ ಶೇಷವಿಲ್ಲ.

ಅಕ್ಟೋಬರ್ ಚಾಟಣಿ ಹಣ್ಣಿನ ಚಾಟಣಿ. ಇದರಲ್ಲಿ ಕಡ್ಡಿಯನ್ನು ಪೂರ್ತಿ ತೆಗೆಯುವುದಿಲ್ಲ; ಗೊನೆಯಿರುವ ಕಣ್ಣನ್ನು ಹುಡುಕಿ, ಅದನ್ನು ತುದಿಯಲ್ಲಿ ಉಳಿಸಿ, ಮುಂದಿನದನ್ನು ಕತ್ತರಿಸುತ್ತೇವೆ. ಸಬ್‌ಕೇನ್ ಮಾಡಿದ ಕಡ್ಡಿಯಲ್ಲಿ ಗಂಟಿನ ಆಸುಪಾಸಿನ ಕಣ್ಣುಗಳು ಸಾಮಾನ್ಯವಾಗಿ ಫಲವತ್ತಾಗಿರುತ್ತವೆ. ಆದ್ದರಿಂದ ಗಂಟಿನ ಮೇಲೆ ಒಂದೆರಡು ಕಣ್ಣು ಬಿಟ್ಟು ಕತ್ತರಿಸುವ ರೂಢಿ ಬಂದಿದೆ. ರೂಢಿಯನ್ನು ಕಣ್ಣುಮುಚ್ಚಿ ನಂಬಬಾರದು. ಚಾಟಣಿಗೆ ಮುನ್ನ ಪಡದ ಬೇರೆಬೇರೆ ಭಾಗಗಳಿಂದ ಕೆಲವು ಕಡ್ಡಿಗಳನ್ನು ತಂದು, ಒಂದೊಂದು ಕಣ್ಣನ್ನೂ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಗೊನೆ ಎಷ್ಟನೆಯ ಕಣ್ಣಿನಲ್ಲಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಇದನ್ನೇ ನಾವು ಕಾಡಿ ತಪಾಸಣೆ ಎನ್ನುತ್ತೇವೆ.

ಈ ತಪಾಸಣೆಯ ಬೆಲೆ ಏನೆಂದು ತಿಳಿಯಲು ನಾಲ್ಕನೆಯ ಇಯತ್ತೆಯ ಗಣಿತ ಸಾಕು. ಸಾಲಿನಿಂದ ಸಾಲಿಗೆ ಒಂಬತ್ತು ಅಡಿ, ಬಳ್ಳಿಯಿಂದ ಬಳ್ಳಿಗೆ ಐದು ಅಡಿ ಇಟ್ಟರೆ ಒಂದು ಬಳ್ಳಿಗೆ 45 ಚದರ ಅಡಿ. ಒಂದು ಎಕರೆ ಎಂದರೆ 43,560 ಚದರ ಅಡಿ. ಭಾಗಿಸಿದರೆ 968 ಬಳ್ಳಿ. ಬಳ್ಳಿಗೆ 30 ಕಡ್ಡಿಯಂತೆ 29,040 ಕಡ್ಡಿ. ಅಂದರೆ ಒಂದು ಎಕರೆ ಪಡದಲ್ಲಿ ಚಾಟಣಿಯ ತಂಡ ಇಪ್ಪತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಲ ಕತ್ತರಿಯನ್ನು ಒತ್ತಬೇಕು, ಪ್ರತಿ ಸಲವೂ ಎಲ್ಲಿ ಎಂಬುದನ್ನು ನಿರ್ಧರಿಸಬೇಕು. ಗೊನೆ ಆರನೆಯ ಕಣ್ಣಿನಲ್ಲಿದ್ದು ನಾವು ಐದಕ್ಕೆ ಕತ್ತರಿಸುತ್ತ ಹೋದರೆ ಇಡೀ ವರ್ಷದ ದುಡಿಮೆ ಸಾಲಿನ ನಡುವೆ ಕಸವಾಗಿ ಬಿದ್ದಿರುತ್ತದೆ. ಕತ್ತರಿಸಿದವರಿಗೆ ಅದು ಕಾಣುವುದೂ ಇಲ್ಲ, ಹದಿನೈದು ದಿನಗಳ ನಂತರ ಚಿಗುರು ಬರಿದಾಗಿ ಹೊರಟಾಗಲೇ ತಿಳಿಯುವುದು.

ಕತ್ತರಿಯ ವಿಷಯದಲ್ಲಿಯೂ ಶಿಸ್ತು ಬೇಕು. ಅಲಗು ಹರಿತವಾಗಿರಬೇಕು, ಮೊಂಡಾದರೆ ಕಡ್ಡಿ ಜಜ್ಜಿ ಗಾಯದಲ್ಲಿ ರೋಗ ಸೇರುತ್ತದೆ. ಕಣ್ಣಿನ ಮೇಲೆ ಸುಮಾರು ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು. ರೋಗದ ಬಳ್ಳಿಯನ್ನು ಕತ್ತರಿಸಿದ ಮೇಲೆ ಅಲಗನ್ನು ಶುದ್ಧ ಮಾಡದೆ ಪಕ್ಕದ ಬಳ್ಳಿಗೆ ಹೋಗಬಾರದು. ಚಾಟಣಿಯಾದ ಮೇಲೆ ಬೋರ್ಡೋ ದ್ರಾವಣ ಹೊಡೆಯುವುದು ಹಳೆಯ ಪದ್ಧತಿ. ಅಮೆರಿಕದಿಂದ ಬಂದ ಬೂಜು ತುಪ್ಪಟ ರೋಗ ಫ್ರಾನ್ಸಿನ ತೋಟಗಳನ್ನು ಹಾಳುಮಾಡುತ್ತಿದ್ದಾಗ, 1885ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣವನ್ನು ಲೋಕಕ್ಕೆ ತಿಳಿಸಿದನು. ನಮ್ಮ ಪಡಗಳಲ್ಲಿ ‘ಡೌನಿ’ ಎಂದು ಹೆಸರಾದ ರೋಗವೂ ಅದೇ, ಮದ್ದೂ ಅದೇ.

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಅಕ್ಟೋಬರ್ ಚಾಟಣಿಯನ್ನು ಯಾವ ತಾರೀಖಿಗೆ ಮಾಡಬೇಕು?

ಕತ್ತರಿಸಿದ ಸುಮಾರು ನಲವತ್ತು ದಿನಕ್ಕೆ ಹೂ, ನೂರಿಪ್ಪತ್ತು-ನೂರಮೂವತ್ತು ದಿನಕ್ಕೆ ಹಣ್ಣು. ಅಕ್ಟೋಬರ್ 15ಕ್ಕೆ ಕತ್ತರಿಸಿದವರ ಬಳ್ಳಿ ನವೆಂಬರ್ ಕೊನೆಯ ವಾರದಲ್ಲಿ ಹೂ ಬಿಟ್ಟು ಫೆಬ್ರವರಿ ಮಧ್ಯದಲ್ಲಿ ಕೊಯ್ಲಿಗೆ ಬರುತ್ತದೆ. ಸೆಪ್ಟೆಂಬರ್ 1ಕ್ಕೆ ಕತ್ತರಿಸಿದವರು ಜನವರಿಯ ಮೊದಲ ವಾರದಲ್ಲಿಯೇ ಮಾರುಕಟ್ಟೆಗೆ ಹೋಗಬಹುದು. ಆಗ ಮಾಲು ಕಡಿಮೆ, ದರ ಹೆಚ್ಚು. ಆದರೆ ಅವರ ಎಳೆಯ ಗೊನೆ ಹಿಂದಿರುಗುವ ಮುಂಗಾರಿನ ಬಾಯಿಗೆ ಸಿಗುತ್ತದೆ. ಎಲೆ ಕೆಲವು ತಾಸು ಒದ್ದೆಯಾಗಿ ಉಳಿದರೆ ಸಾಕು, ಡೌನಿ ಎಲೆಯನ್ನು ಬಿಟ್ಟು ಗೊನೆಗೇ ಏರುತ್ತದೆ. ಹೂವಿನಲ್ಲಿ ಮಳೆ ಬಿದ್ದರೆ ಕಾಯಿ ಕಚ್ಚದೆ ಉದುರುತ್ತದೆ. ತಡಮಾಡಿ ನವೆಂಬರ್ ಮಧ್ಯಕ್ಕೆ ಕತ್ತರಿಸಿದವರು ಮಳೆಯಿಂದ ಪಾರಾಗುತ್ತಾರೆ. ಆದರೆ ಅವರ ಕಾಯಿ ಉಬ್ಬಬೇಕಾದ ದಿನಗಳು ಜನವರಿಯ ಚಳಿಗೆ ಸಿಕ್ಕಿ ಕಾಳು ಸಣ್ಣದಾಗುತ್ತದೆ, ಮಾಲು ಎಲ್ಲರ ಮಾಲಿನೊಡನೆ ಒಟ್ಟಿಗೆ ಬಂದು ದರವೂ ಇಳಿಯುತ್ತದೆ.

2019ನ್ನು ಈ ಸಭೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಆ ಆಗಸ್ಟ್‌ನಲ್ಲಿ ಕೃಷ್ಣೆ ಸಾಂಗ್ಲಿಯನ್ನು ಮುಳುಗಿಸಿತು. ಆ ವರ್ಷ ಮುಂಗಾರು ದೇಶದಿಂದ ಹಿಂದೆ ಸರಿಯಲು ತೊಡಗಿದ್ದೇ ಅಕ್ಟೋಬರ್ 9ಕ್ಕೆ. ತಿಂಗಳ ಕೊನೆಗೆ ಅರಬ್ಬಿ ಸಮುದ್ರದಲ್ಲಿ ‘ಕ್ಯಾರ್’ ಚಂಡಮಾರುತವೆದ್ದಿತು. ಚಾಟಣಿ ಮುಗಿಸಿ ಚಿಗುರಿಗೆ ಕಾದಿದ್ದ ತೋಟಗಳಲ್ಲಿ ಮಳೆ ದಿನದ ನಂತರ ದಿನ ಬಿತ್ತು. ನಾಶಿಕದಿಂದ ಸಾಂಗ್ಲಿಯವರೆಗೆ ಬೆಳೆಗಾರರು ಎಳೆಯ ಗೊನೆಗಳು ಕಪ್ಪಾಗಿ ಉದುರುವುದನ್ನು ನಿಂತು ನೋಡಿದರು. ಅಂಥ ವರ್ಷದ ನಂತರ ಎಲ್ಲರೂ ತಡವಾಗಿ ಕತ್ತರಿಸುತ್ತಾರೆ. ಎಲ್ಲರೂ ತಡಮಾಡಿದ ವರ್ಷ ಬೇಗ ಕತ್ತರಿಸಿದವನಿಗೆ ದರ ಸಿಗುತ್ತದೆ. ಅದನ್ನು ಕಂಡು ಮರುವರ್ಷ ಎಲ್ಲರೂ ಅವಸರಪಡುತ್ತಾರೆ. ಈ ಜೂಜಿಗೆ ನಮಗೆ ತಿಳಿದಿರುವ ಉತ್ತರ ಒಂದೇ: ನೀರು, ಆಳು, ತಳಿ ಅನುಮತಿಸಿದಷ್ಟೂ ಪಡವನ್ನು ಭಾಗಮಾಡಿ, ಎರಡು-ಮೂರು ತಾರೀಖುಗಳಲ್ಲಿ ಕತ್ತರಿಸುವುದು. ಒಂದು ಭಾಗ ಹೋದರೆ ಇನ್ನೊಂದು ಉಳಿಯುತ್ತದೆ. ಪೂರ್ಣ ಲಾಭ ಸಿಗದು. ಪೂರ್ಣ ನಾಶವೂ ಆಗದು. ಸಾಲ ಹೊತ್ತ ಮನೆಗೆ ಎರಡನೆಯದೇ ಮುಖ್ಯ.

ದರ ಇಳಿದ ವರ್ಷ ನಮ್ಮ ಸೀಮೆಗೆ ಇನ್ನೊಂದು ಆಸರೆಯಿದೆ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಬಲೆಗಳ ಮೇಲೆ ಹರಡಿದರೆ ಎರಡು ವಾರದೊಳಗೆ ಬೇದಾಣಾ ಆಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಹಸಿ ಹಣ್ಣು ವ್ಯಾಪಾರಿಯ ಮುಂದೆ ಕಾಯಲಾರದು. ಒಣ ಹಣ್ಣು ಶೀತಗೃಹದಲ್ಲಿ ಕಾಯಬಲ್ಲದು. ಚಾಟಣಿಯ ತಾರೀಖನ್ನು ನಿಶ್ಚಯಿಸುವಾಗ, ಈ ಪಡ ಹಸಿ ಮಾರಾಟಕ್ಕೋ ಬೇದಾಣಾಕ್ಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡವರು ಹೆಚ್ಚು ನೆಮ್ಮದಿಯಿಂದಿರುತ್ತಾರೆ.

ಇನ್ನು ನಾವು ಮೊದಲೇ ಸೂಚಿಸಿದ ಗಂಭೀರ ವಿಷಯ.

ಅಕ್ಟೋಬರ್ ಚಾಟಣಿಯಾದ ಒಂದೆರಡು ದಿನಗಳೊಳಗೆ ಕಡ್ಡಿಯ ತುದಿಯ ಎರಡು-ಮೂರು ಕಣ್ಣುಗಳಿಗೆ ಪೇಸ್ಟ್ ಹಚ್ಚುತ್ತೇವೆ. ನಿದ್ರೆಯಿಲ್ಲದ ಬಳ್ಳಿಯ ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲು ಇದು ಬೇಕು. ಇಲ್ಲದಿದ್ದರೆ ಚಿಗುರು ಹಿಂದುಮುಂದಾಗಿ ಬಂದು, ಒಂದೇ ಬಳ್ಳಿಯಲ್ಲಿ ಒಂದು ಗೊನೆ ಹಣ್ಣಾದಾಗ ಇನ್ನೊಂದು ಹುಳಿಯಾಗಿಯೇ ಇರುತ್ತದೆ. ಈ ಪೇಸ್ಟಿನಲ್ಲಿರುವುದು ಹೈಡ್ರೋಜನ್ ಸಯನಮೈಡ್. ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಚರ್ಮದ ಮೂಲಕ ದೇಹದೊಳಗೂ ಇಳಿಯುತ್ತದೆ. ಅದರ ಕೆಲಸ ಮಾಡಿದವರು ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದು, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ಹಚ್ಚುವ ಹಿಂದಿನ ದಿನವೂ ಹಚ್ಚಿದ ನಂತರದ ಹಲವು ದಿನಗಳೂ ಮದ್ಯವನ್ನು ಮುಟ್ಟಬಾರದು. ಕೆಲಸ ಮಾಡುವವರ ಆರೋಗ್ಯಕ್ಕೆ ಅಪಾಯವೆಂಬ ಕಾರಣದಿಂದಲೇ ಐರೋಪ್ಯ ಒಕ್ಕೂಟ 2008ರಲ್ಲಿ ಇದಕ್ಕೆ ಅನುಮತಿ ನಿರಾಕರಿಸಿತು. ನಮ್ಮಲ್ಲಿ ಇದು ಬಳಕೆಯಲ್ಲಿದೆ, ಬೆಳೆಗೆ ಬೇಕಾಗಿಯೂ ಇದೆ. ಆದ್ದರಿಂದ ಬಳಸುವ ರೀತಿಯನ್ನಾದರೂ ನಾವು ಸರಿಪಡಿಸಿಕೊಳ್ಳಬೇಕು.

ಈ ಕೆಲಸ ಬರುವುದು ಮಕ್ಕಳ ಸಹಾಮಾಹಿ ಪರೀಕ್ಷೆ, ದೀಪಾವಳಿ ರಜೆಗಳ ಹೊತ್ತಿನಲ್ಲಿಯೇ. ಆಳು ಸಿಗದು, ತಾರೀಖು ಮೀರುತ್ತದೆ. ಪೇಸ್ಟ್ ಹಚ್ಚುವುದು ನೋಡಲು ಹಗುರವಾದ ಕೆಲಸ. ಒಂದು ಡಬ್ಬಿ, ಒಂದು ಬ್ರಶ್ಶು, ಸ್ವಲ್ಪ ಬಣ್ಣ. “ಹುಡುಗರು ಮಾಡಲಿ ಬಿಡು, ರಜೆಯೇ ಇದೆಯಲ್ಲ” ಎಂಬ ಮಾತು ಯಾವ ಮನೆಯಲ್ಲಿಯೂ ಹುಟ್ಟಬಹುದು. ಅದು ಹುಟ್ಟಬಾರದೆಂದೇ ಇಂದು ನಾವು ಈ ವೇದಿಕೆಯನ್ನು ಬಳಸುತ್ತಿದ್ದೇವೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನೂ, ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನೂ 2016ರಲ್ಲಿ ತಿದ್ದುಪಡಿಯಾದ ಕಾನೂನು ನಿಷೇಧಿಸಿದೆ. ಮನೆಯ ಕೆಲಸಕ್ಕೆ ಕೈಹಚ್ಚುವ ಮಕ್ಕಳಿಗೆ ಅದು ಕೊಟ್ಟಿರುವ ಸಡಿಲಿಕೆಯೂ ಶಾಲೆಯ ವೇಳೆಯ ಹೊರಗೆ, ಅಪಾಯವಿಲ್ಲದ ಕೆಲಸಕ್ಕೆ ಮಾತ್ರ. ಕಾನೂನನ್ನು ಬದಿಗಿಟ್ಟರೂ, ಎಳೆಯ ಚರ್ಮದ ಮೇಲೆ ಬೀಳುವ ಆ ಹನಿ ನಮ್ಮ ಮಗುವಿನ ಚರ್ಮವೋ ಕೂಲಿಯವರ ಮಗುವಿನದೋ ಎಂದು ಭೇದ ಮಾಡುವುದಿಲ್ಲ. ಜತ್ತದ ಪೂರ್ವಭಾಗದಿಂದಲೂ ಗಡಿಯಾಚೆಯಿಂದಲೂ ಚಾಟಣಿಗೆ ಬರುವ ಕುಟುಂಬಗಳು ಕನ್ನಡವನ್ನೇ ಆಡುತ್ತವೆ. ಅವರ ಮಕ್ಕಳೂ ಯಾವುದೋ ಕನ್ನಡ ಶಾಲೆಯ ಹಾಜರಿ ಪಟ್ಟಿಯಲ್ಲಿ ಇದ್ದಾರೆ.

ಹೀಗಿರಲು ನಮ್ಮ ವಿನಂತಿಗಳು ಇವು.

ಬೆಳೆಗಾರರಾದ ಪಾಲಕರಲ್ಲಿ: ಪೇಸ್ಟಿನ ದಿನ ಮಕ್ಕಳು ಪಡದ ಬದುವನ್ನೂ ದಾಟಬಾರದು. ಹಚ್ಚುವವರಿಗೆ ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ, ಕಣ್ಣಿಗೆ ಕನ್ನಡಕ, ತೊಳೆಯಲು ಸಾಬೂನು-ನೀರು ಕೊಡದೆ ಕೆಲಸ ಆರಂಭಿಸಬಾರದು. ಖಾಲಿ ಡಬ್ಬಿ ಮನೆಗೆ ಬರಬಾರದು; ಎಣ್ಣೆಗೂ ನೀರಿಗೂ ಅದನ್ನು ಬಳಸಬಾರದು. ಮಕ್ಕಳಿಗೆ ಪಡದ ಕೆಲಸ ಕಲಿಸಬೇಕೆಂದಿದ್ದರೆ ಕಡ್ಡಿ ಎಣಿಸಲು ಕಲಿಸಿರಿ, ಎಲೆ ಎಣಿಸಲು ಕಲಿಸಿರಿ, ಚಾಟಣಿಯ ತಾರೀಖು, ಚಿಗುರಿನ ತಾರೀಖು, ಹೂವಿನ ತಾರೀಖು, ಮಳೆಯ ಮಿಲಿಮೀಟರ್‌ಗಳನ್ನು ಒಂದು ವಹಿಯಲ್ಲಿ ಬರೆದಿಡಲು ಕಲಿಸಿರಿ. ಹತ್ತು ವರ್ಷದ ಅಂಥ ವಹಿ ಯಾವ ಸಲಹೆಗಾರನಿಗಿಂತಲೂ ನಿಮ್ಮ ಪಡವನ್ನು ಚೆನ್ನಾಗಿ ಬಲ್ಲದು.

ಗುರುಗಳಲ್ಲಿ: ವಿಜ್ಞಾನದ ಪುಸ್ತಕದಲ್ಲಿ ಸಸ್ಯದ ಮೊಗ್ಗು, ಹಾರ್ಮೋನು, ಶಿಲೀಂಧ್ರ ಎಂಬ ಪಾಠಗಳಿವೆ. ಆ ಪಾಠ ಬಂದ ದಿನ ಮಕ್ಕಳಿಂದಲೇ ಒಂದು ಕಡ್ಡಿ ತರಿಸಿರಿ. ನಮ್ಮ ಮಕ್ಕಳು ಚಾಟಣಿ, ಓಲಾಂಡಾ, ಕಾಡಿ, ಬೇದಾಣಾ ಎಂಬ ಮಾತುಗಳನ್ನು ಪಡದಲ್ಲಿ ಕಲಿತಿರುತ್ತಾರೆ. ಅವು ಮರಾಠಿಯಿಂದ ಬಂದವಾದರೂ ಈಗ ನಮ್ಮ ಕನ್ನಡದವೇ. ಶಾಲೆಯಲ್ಲಿ ಅಂಗಾಂಶ, ಮೊಗ್ಗು, ಪ್ರಚೋದಕ ಎಂಬ ಮಾತುಗಳನ್ನು ಕಲಿಯುತ್ತಾರೆ. ಈ ಎರಡು ನುಡಿಗಳು ಒಂದೇ ವಸ್ತುವಿನ ಹೆಸರುಗಳೆಂದು ತೋರಿಸಿಕೊಡುವುದು ಮಾತೃಭಾಷೆಯ ಶಾಲೆ ಮಾತ್ರ ಮಾಡಬಲ್ಲ ಕೆಲಸ. ಕನ್ನಡ ಮಾಧ್ಯಮದಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಮಗೆ ತಿಳಿದಿರುವ ಅತ್ಯಂತ ಗಟ್ಟಿಯಾದ ಉತ್ತರ ಇದೇ.

ಹಳೆಯ ವಿದ್ಯಾರ್ಥಿಗಳಲ್ಲಿ: ಶತಮಾನೋತ್ಸವದ ಸ್ಮಾರಕವಾಗಿ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಮಾನೂ ಇರಲಿ. ಅದರ ಜೊತೆಗೆ ಕಾಡಿ ತಪಾಸಣೆಗೆ ಒದಗುವಂಥ ಒಂದು ಒಳ್ಳೆಯ ಸೂಕ್ಷ್ಮದರ್ಶಕವನ್ನು ಶಾಲೆಯ ಪ್ರಯೋಗಶಾಲೆಗೆ ಕೊಡಿಸಲು ಬೆಳೆಗಾರರಾದ ನಾವು ನಿಶ್ಚಯಿಸಿದ್ದೇವೆ. ಪ್ರತಿವರ್ಷ ಸೆಪ್ಟೆಂಬರ್‌ನಲ್ಲಿ ಊರಿನ ಪಡಗಳ ಕಡ್ಡಿಗಳು ಶಾಲೆಗೆ ಬರಲಿ. ಗುರುಗಳ ಸಮ್ಮುಖದಲ್ಲಿ ಒಂಬತ್ತನೆಯ, ಹತ್ತನೆಯ ಇಯತ್ತೆಯ ಮಕ್ಕಳು ಕಣ್ಣನ್ನು ಸೀಳಿ ನೋಡಲಿ. ಗೊನೆ ಎಷ್ಟನೆಯ ಕಣ್ಣಿನಲ್ಲಿದೆ ಎಂದು ಬರೆದುಕೊಡಲಿ. ತಂದೆ ಆ ಚೀಟಿಯನ್ನು ಓದಿ ಕತ್ತರಿ ಹಿಡಿಯಲಿ. ಪೇಸ್ಟಿನ ಡಬ್ಬಿಯಿಂದ ದೂರವಿಟ್ಟ ಮಗುವಿಗೆ ಪಡದಲ್ಲಿ ಮಾಡಲು ಇದಕ್ಕಿಂತ ದೊಡ್ಡ ಕೆಲಸ ಯಾವುದಿದೆ?

ಬರುವ ಸೆಪ್ಟೆಂಬರ್ ಮೊದಲ ವಾರಕ್ಕೆ ಸೂಕ್ಷ್ಮದರ್ಶಕ ಶಾಲೆಗೆ ತಲುಪುತ್ತದೆ. ಕಡ್ಡಿ ತರುವವರು ಪಡದ ನಾಲ್ಕು ಮೂಲೆ ಮತ್ತು ನಡುವಿನಿಂದ ತರಬೇಕು, ಪ್ರತಿ ಕಟ್ಟಿಗೆ ತಳಿಯ ಹೆಸರನ್ನೂ ಏಪ್ರಿಲ್ ಚಾಟಣಿಯ ತಾರೀಖನ್ನೂ ಬರೆದ ಚೀಟಿ ಕಟ್ಟಬೇಕು.